ಹೊಂಗೆ ಮರಕ್ಕೆ ಹತ್ತಕ್ಕೆ ಒಂಬತ್ತು

(ತಿಪಟೂರು ಕಡೆಯ ನಿವೃತ್ತ ಶಿಕ್ಷಕರೊಬ್ಬರು ಬರೆಯುತ್ತಾರೆ: ತಾವು ಪಾಠ ಹೇಳಿದ ಹಳ್ಳಿ ಶಾಲೆಯ ಅಂಗಳದ ಹೊಂಗೆಯನ್ನು ಕಡಿಸಿ ಇಂಟರ್‌ಲಾಕ್ ಕಲ್ಲು ಹಾಸಲು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆ ತೀರ್ಮಾನಿಸಿದೆ. ಎಲೆ ಉದುರಿ ಕಸವಾಗುತ್ತದೆ ಎಂಬುದೇ ಕಾರಣ. 'ನಾನೂ ಸಭೆಯಲ್ಲಿದ್ದೆ, ಬಾಯಿ ಬಿಡಲಿಲ್ಲ. ಮರಗಳ ಮೇಲೆ ಪ್ರಬಂಧ ಬರೆದು ಹತ್ತಕ್ಕೆ ಒಂಬತ್ತು ಅಂಕ ತೆಗೆದ ನನ್ನ ಶಿಷ್ಯರೇ ಸಮಿತಿಯಲ್ಲಿದ್ದಾರೆ. ನಾನು ಕಲಿಸಿದ್ದರಲ್ಲಿ ಎಲ್ಲಿ ತಪ್ಪಿತು?')

ಮೇಷ್ಟ್ರೇ,

ಆ ಪ್ರಬಂಧವನ್ನು ನಾನೂ ಬರೆದಿದ್ದೇನೆ. 'ಮರಗಳಿಂದಾಗುವ ಉಪಯೋಗಗಳು': ನೆರಳು, ಹಣ್ಣು, ಸೌದೆ, ಮಳೆ, ಶುದ್ಧ ಗಾಳಿ. ಹಸುವಿನ ಪ್ರಬಂಧವೂ ಹೆಚ್ಚುಕಡಿಮೆ ಇದೇ. ಗಾಳಿಯ ಜಾಗದಲ್ಲಿ ಗಂಜಲ. ತಪ್ಪೇನಾದರೂ ಇದ್ದರೆ ಆ ತಲೆಬರಹದಲ್ಲೇ ಇದೆಯೆಂದು ನನ್ನ ಗುಮಾನಿ. ಉಪಯೋಗದ ಪಟ್ಟಿ ಬಾಯಿಪಾಠ ಮಾಡಿದ ಹುಡುಗ ದೊಡ್ಡವನಾದ ಮೇಲೆ ಅದನ್ನೇ ಹಿಡಿದು ಲೆಕ್ಕ ಹಾಕುತ್ತಾನೆ. ಸೌದೆ ಹೋಗಿ ಗ್ಯಾಸ್ ಬಂತು, ನೆರಳಿಗೆ ಬದಲು ಫ್ಯಾನು ಬಂತು. ಹೊಂಗೆ ಎಣ್ಣೆಯ ದೀಪ ಅಜ್ಜಿಯ ಕಾಲಕ್ಕೇ ಆರಿತು, ಗದ್ದೆಗೆ ಹೊಂಗೆ ಸೊಪ್ಪು ತುಳಿಯುವವರೂ ಈಗ ಅಪರೂಪ. ಕೊನೆಗೆ ಲೆಕ್ಕದಲ್ಲಿ ಉಳಿದದ್ದು ಎಲೆ, ಅದೂ ಅಂಗಳದ ತುಂಬ. ನಿಮ್ಮ ಶಿಷ್ಯರು ಪಾಠ ಮರೆತಿದ್ದಾರೆಂದು ನನಗೆ ಅನ್ನಿಸುವುದಿಲ್ಲ. ತುಂಬ ಚೆನ್ನಾಗಿ ನೆನಪಿಟ್ಟುಕೊಂಡಿದ್ದಾರೆ.

ಅದು ಅರಳಿಯಾಗಿದ್ದರೆ ಬಚಾವಾಗುತ್ತಿತ್ತು. ಸುತ್ತ ಕಟ್ಟೆ, ಬುಡದಲ್ಲಿ ನಾಗರಕಲ್ಲು, ಮೈಗೆ ಅರಿಶಿನದ ದಾರ ಇರುವ ಮರಕ್ಕೆ ಕೊಡಲಿ ಎತ್ತಲು ಕೂಲಿಯವನೇ ಒಪ್ಪುವುದಿಲ್ಲ. ಹೊಂಗೆಗೆ ಯಾವ ದೇವರ ಹಂಗೂ ಇಲ್ಲ. 'ಹೊಂಗೆಯ ನೆರಳು ತಾಯಿಯ ಮಡಿಲು' ಎನ್ನುತ್ತೇವೆ, ತಾಯಿಯನ್ನು ನೋಡಿಕೊಳ್ಳುವಂತೆಯೇ ಅದನ್ನೂ ನೋಡಿಕೊಳ್ಳುತ್ತೇವೆ. ನಮ್ಮ ಕಚೇರಿಯ ಬೀದಿಯಲ್ಲಿ ಒಂದು ಮಳೆಮರವಿದೆ. ಬೆಳಿಗ್ಗೆ ಅದರಡಿ ಕಾರು ನಿಲ್ಲಿಸಲು ಪೈಪೋಟಿ. ಸಂಜೆ ಹಕ್ಕಿಯ ಹಿಕ್ಕೆ ಒರೆಸುತ್ತ ಅದಕ್ಕೇ ಶಾಪ. ಶಾಪ ಹಾಕುವವರಲ್ಲಿ ನಾನೂ ಒಬ್ಬ.

ಆದ್ದರಿಂದ ನನ್ನದೊಂದು ಮೊಳೆಯ ಕಥೆಯನ್ನೂ ಹೇಳಿಬಿಡುತ್ತೇನೆ. ನಮ್ಮ ಶಾಲೆಯಲ್ಲೂ ಹೊಂಗೆಯೇ ಇತ್ತು. ಶಾಲೆಯ ಗಂಟೆ ಎಂದರೆ ಅದರ ಕೊಂಬೆಗೆ ತಂತಿಯಲ್ಲಿ ಬಿಗಿದ ರೈಲು ಕಂಬಿಯ ತುಂಡು. ಐದನೇ ತರಗತಿಯಲ್ಲಿ ನಾನು ಕಾಂಡಕ್ಕೆ ನನ್ನ ಹೆಗಲ ಮಟ್ಟದಲ್ಲಿ ಕಲ್ಲಿನಿಂದ ಮೊಳೆ ಹೊಡೆದು ಚೀಲ ನೇತುಹಾಕುತ್ತಿದ್ದೆ. ಮೂವತ್ತು ವರ್ಷದ ನಂತರ ಹೋದಾಗ ಕತ್ತೆತ್ತಿ ಮೊಳೆ ಹುಡುಕಿದೆ. ಮರ ಅಷ್ಟು ಬೆಳೆದಿದೆ, ಮೊಳೆಯೂ ಮೇಲೆ ಹೋಗಿರಬೇಕಲ್ಲ! ಸಿಕ್ಕಿದ್ದು ನನ್ನ ಸೊಂಟದ ಹತ್ತಿರ. ತೊಗಟೆ ತುಟಿಯಂತೆ ಉಬ್ಬಿ ಅದನ್ನು ನುಂಗಿತ್ತು, ನಡುವೆ ತುಕ್ಕಿನ ಒಂದು ಚುಕ್ಕಿ ಮಾತ್ರ ಕಾಣುತ್ತಿತ್ತು. ಮರ ಎತ್ತರವಾಗುವುದು ತುದಿಗಳಲ್ಲಿ. ಕಾಂಡ ದಪ್ಪವಾಗುತ್ತದೆ ಅಷ್ಟೇ, ಹೊಡೆದ ಮೊಳೆ ಹೊಡೆದ ಎತ್ತರದಲ್ಲೇ ಇರುತ್ತದೆ. ಇದು ನನಗೆ ತಿಳಿದದ್ದು ನಲವತ್ತು ತುಂಬಿದ ಮೇಲೆ. ಗಂಟೆಯ ಕೊಂಬೆ ಇರಲಿಲ್ಲ. ತಂತಿ ಸುತ್ತಲೂ ಕೊರೆದ ಜಾಗದಲ್ಲೇ ಒಂದು ಗಾಳಿಗೆ ಮುರಿಯಿತಂತೆ.

ಏಳು ವರ್ಷ ಆ ಮರದಡಿ ಕುಳಿತಿದ್ದೆ. ಎಂದು ಚಿಗುರುತ್ತದೆ, ಎಂದು ಕಾಯಿ ಕಟ್ಟುತ್ತದೆ ಎಂದು ಯಾರೂ ಕೇಳಲಿಲ್ಲ, ನಾನೂ ನೋಡಲಿಲ್ಲ. ಹುಣಸೆಯ ಪರಿಚಯ ಮಾತ್ರ ಚೆನ್ನಾಗಿತ್ತು. ಹೊಡೆತಕ್ಕೆ ಬೇಕಾದ ಬರಲನ್ನು ಪೆಟ್ಟು ತಿನ್ನುವವನೇ ಮುರಿದು ತರಬೇಕಿತ್ತಲ್ಲ. ಯಾವುದು ಬಳುಕುತ್ತದೆ, ಯಾವುದು ಎರಡನೇ ಏಟಿಗೇ ಮುರಿಯುತ್ತದೆ ಎಂಬ ಜ್ಞಾನ ನಮಗೆ ಪೂರ್ತಿ ಇತ್ತು.

ಇನ್ನು ಕೆಲಸದ ಮಾತು. ಕರ್ನಾಟಕದಲ್ಲಿ ಮರ ಸಂರಕ್ಷಣೆಗೆ 1976ರಿಂದಲೇ ಕಾಯ್ದೆಯಿದೆ. ಸರ್ಕಾರಿ ಶಾಲೆಯ ಮರವನ್ನು ನಡಾವಳಿ ಪುಸ್ತಕದಲ್ಲಿ ಬರೆದ ಮಾತ್ರಕ್ಕೆ ಕಡಿಯುವಂತಿಲ್ಲ. ಅರಣ್ಯ ಇಲಾಖೆಯನ್ನು ಕೇಳಬೇಕು. ಮೊದಲು ಅರ್ಜಿ ಹಾಕಿದ್ದಾರೆಯೇ ವಿಚಾರಿಸಿ. ಕಲ್ಲು ಹಾಸಲೇಬೇಕೆಂದರೆ ಬುಡದ ಸುತ್ತ ಒಂದು ಮೀಟರ್ ಮಣ್ಣು ಬಿಡಲಿ. ದೆಹಲಿಯ ಮರಗಳಿಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಹೇಳಿದ್ದೂ ಇದನ್ನೇ. ಎಲೆ ರಾಶಿಯಾಗಿ ಉದುರುವುದು ಪರೀಕ್ಷೆಯ ಮುಂಚಿನ ಕೆಲವು ವಾರ; ಮೂಲೆಯಲ್ಲಿ ಒಂದು ಗುಂಡಿ ತೋಡಿಸಿದರೆ ಬಿಸಿಯೂಟದ ಕೈತೋಟಕ್ಕೆ ಗೊಬ್ಬರವಾದೀತು. ನೋಡಿ, ನಾನೂ ತಿರುಗಿ ಉಪಯೋಗದ ಪಟ್ಟಿಗೇ ಬಂದೆ! ಸಮಿತಿಗೆ ಅರ್ಥವಾಗುವ ಭಾಷೆ ಅದೊಂದೇ ಆಗಿದ್ದರೆ ಅದರಲ್ಲೇ ಮಾತಾಡಿ, ಚಿಂತೆಯಿಲ್ಲ.

ನಿಮ್ಮ ಪತ್ರ ಎರಡು ಪುಟವಿದೆ, ಮರದ ಸುತ್ತಳತೆ ಎಷ್ಟೆಂದು ಅದರಲ್ಲಿಲ್ಲ. ಐದನೇ ತರಗತಿಯ ಮಕ್ಕಳ ಕೈಗೆ ಟೇಪು ಕೊಟ್ಟು ಅಳೆಸಿ, ಮುಂದಿನ ಸಭೆಗೆ ಅವರನ್ನೂ ಕರೆದುಕೊಂಡು ಹೋಗಿ. ಈ ಸಲ ಬಾಯಿ ಬಿಡಿ. ಅಳತೆಯನ್ನು ನಮಗೂ ಬರೆದು ತಿಳಿಸಿ.

-ಸಂ.