ಹಳೆ ಸಿನಿಮಾನ ಡಿವಿಡಿಗೆ ಹಾಕುವಾಗ ತಿದ್ದೋದು ತಪ್ಪಾ?
ಗೀರು, ಧೂಳು ತೆಗೀಲಿ, ಮಾಸಿದ ಬಣ್ಣ ಸರಿ ಮಾಡ್ಲಿ, ಅದು ತಪ್ಪಲ್ಲ ರೀ, ಆದ್ರೆ ಮೊದಲಿನ ಸಿನಿಮಾನೇ ಸಿಗದ ಹಾಗೆ ಮಾಡೋದು ತಪ್ಪು. 1977ರ ಸ್ಟಾರ್ ವಾರ್ಸ್ ನೋಡಿ, ಹಾನ್ ಸೋಲೋ ಅನ್ನೋ ಪಾತ್ರ ತಾನೇ ಮೊದಲು ಗುಂಡು ಹಾರಿಸ್ತಿದ್ದ ಸೀನನ್ನ 1997ರಲ್ಲಿ ನಿರ್ದೇಶಕ ಜಾರ್ಜ್ ಲ್ಯೂಕಾಸ್ ಎದುರಾಳಿ ಮೊದಲು ಹಾರಿಸೋ ಹಾಗೆ ಬದಲಾಯಿಸಿದ್ರು, ಅಲ್ಲಿಗೆ ಆ ಪಾತ್ರದ ಗುಣನೇ ಬೇರೆ ಆಯ್ತು. 2004ರ ಡಿವಿಡಿಲೂ ತಿದ್ದಿದ್ದೇ ಬಂತು, ಹಳೇದು ಸಿಕ್ಕಿದ್ದು 2006ರಲ್ಲಿ, ಅದೂ ಡಿವಿಡಿಗಿಂತ ಹಳೇ ಕಾಲದ ಲೇಸರ್‌ಡಿಸ್ಕ್‌ಗೆ ಮಾಡಿದ್ದ ಕಾಪಿಯಿಂದ, ಬೋನಸ್ ಡಿಸ್ಕ್ ಆಗಿ. ಬೇಜಾರಾಗೋದು ಏನಂದ್ರೆ 1988ರಲ್ಲಿ ಅಮೆರಿಕದ ಸಂಸತ್ತಿನ ಮುಂದೆ ಹಳೆ ಸಿನಿಮಾಗಳನ್ನ ತಿದ್ದೋದರ ವಿರುದ್ಧ ಮಾತಾಡಿದ್ದವರೂ ಈ ಲ್ಯೂಕಾಸೇ. ಸ್ಪೀಲ್‌ಬರ್ಗ್ ಕೂಡ ತಮ್ಮ ಇ.ಟಿ. ಸಿನಿಮಾದ 2002ರ ಆವೃತ್ತಿಲಿ ಬಂದೂಕು ತೆಗೆದು ವಾಕಿಟಾಕಿ ಹಾಕಿಸಿದ್ರು, ಆದ್ರೆ 2012ರ ಬ್ಲೂರೇಲಿ 1982ರಲ್ಲಿ ಜನ ನೋಡಿದ್ದ ಸಿನಿಮಾನೇ ವಾಪಸ್ ಕೊಟ್ರು, ನನ್ನ ಪ್ರಕಾರ ಅದೇ ಸರಿ.