ಊರ ನಡುವಿನ ಚೈನ್ ಪಬ್‌ನಲ್ಲಿ ಒಳ್ಳೆಯ ರಿಯಲ್ ಏಲ್ ಸಿಗುತ್ತದೆಯೇ?

ಕೆಲಸದ ನಿಮಿತ್ತ ಇಂಗ್ಲೆಂಡಿಗೆ ಬಂದಿರುವ ನೀವು, ಊರ ನಡುವಿನ ಗಿಜಿಗುಡುವ ಚೈನ್ ಪಬ್‌ನಲ್ಲಿ (ಒಂದೇ ಸಂಸ್ಥೆ ಹಲವು ಊರುಗಳಲ್ಲಿ ನಡೆಸುವ ಪಬ್) ರಿಯಲ್ ಏಲ್ ಎಂಬ ಬಿಯರ್ ಕುಡಿಯುವುದರಲ್ಲಿ ಅರ್ಥವಿದೆಯೇ, ಅಥವಾ ಹಳ್ಳಿಗಾಡಿನ ಹಳೆಯ ಪಬ್ಬನ್ನೇ ಹುಡುಕಿಕೊಂಡು ಹೋಗಬೇಕೇ ಎಂದು ಕೇಳಿದ್ದೀರಿ. ಹಳೆಯ ಪಬ್ಬಿಗೆ ಖಂಡಿತ ಹೋಗಿ, ಅದರ ಸೊಗಸೇ ಬೇರೆ. ಆದರೆ ಏಲ್ ಒಂದರ ಮಟ್ಟಿಗೆ ಹೇಳುವುದಾದರೆ, ಖಾಲಿ ಹೊಡೆಯುವ ಚಂದದ ಪಬ್ಬಿಗಿಂತ ಜನ ತುಂಬಿದ ಸಾಧಾರಣ ಪಬ್ಬೇ ಮೇಲು ಎಂಬುದು ಇಲ್ಲಿ ಎಂಟು ವರ್ಷ ಕಳೆದ ಮೇಲೆ ನನಗೆ ಮನವರಿಕೆಯಾಗಿದೆ.

ಕಾರಣ ಪೀಪಾಯಿಯೊಳಗಿದೆ. ರಿಯಲ್ ಏಲ್ ಎಂಬ ಹೆಸರನ್ನು ಬಳಕೆಗೆ ತಂದದ್ದು 1971ರಲ್ಲಿ ಹುಟ್ಟಿದ ಕ್ಯಾಮ್ರಾ ಎಂಬ ಗ್ರಾಹಕರ ಸಂಘಟನೆ. ಬ್ರೂವರಿಯಿಂದ ಹೊರಟ ಮೇಲೂ ಪೀಪಾಯಿಯಲ್ಲಿ ಜೀವಂತ ಯೀಸ್ಟ್ ಉಳಿದಿದ್ದು, ಎರಡನೆಯ ಸಲ ಹುದುಗು ಬಂದು, ಹೊರಗಿನ ಅನಿಲದ ಒತ್ತಡವಿಲ್ಲದೆ ಸಾಮಾನ್ಯವಾಗಿ ಹ್ಯಾಂಡ್‌ಪಂಪಿನ ಎಳೆತದಿಂದ ಲೋಟಕ್ಕೆ ಇಳಿಯುವ ಬಿಯರಿಗೆ ಆ ಹೆಸರು. ಸಾಮಾನ್ಯವಾಗಿ ಬಳಸುವ ಫರ್ಕಿನ್ ಎಂಬ ಪೀಪಾಯಿಯಲ್ಲಿ 9 ಗ್ಯಾಲನ್, ಅಂದರೆ 72 ಪೈಂಟ್ (ಒಂದು ಪೈಂಟ್ ಎಂದರೆ 568 ಮಿಲಿಲೀಟರ್) ಹಿಡಿಯುತ್ತದೆ. ಒಮ್ಮೆ ಅದನ್ನು ತೆರೆದು ಪಂಪಿಗೆ ಜೋಡಿಸಿದರೆ, ಹೊರಗೆ ಹೋದ ಒಂದೊಂದು ಪೈಂಟಿನ ಜಾಗಕ್ಕೂ ಗಾಳಿ ಒಳಗೆ ಬರುತ್ತದೆ. ರುಬ್ಬಿಟ್ಟ ದೋಸೆ ಹಿಟ್ಟು ಮೊದಲ ದಿನ ಹದವಾಗಿದ್ದು ಆಮೇಲೆ ಹುಳಿಯಾಗುವಂತೆ, ಏಲ್ ಕೂಡ ಸುಮಾರು ಮೂರು ದಿನಗಳೊಳಗೆ ಖರ್ಚಾಗದಿದ್ದರೆ ಮೊದಲು ಸಪ್ಪೆಯಾಗಿ, ನಂತರ ವಿನೆಗರ್‌ನ ಕಡೆಗೆ ತಿರುಗುತ್ತದೆ. ಈ 72 ಪೈಂಟನ್ನು ಒಂದೇ ಸಂಜೆಯಲ್ಲಿ ಮುಗಿಸಿಬಿಡುವ ಶಕ್ತಿ ಊರ ನಡುವಿನ ಜನಸಂದಣಿಗೆ ಇದೆ. ವಾರಕ್ಕೆ ಇಪ್ಪತ್ತು ಗಿರಾಕಿಗಳನ್ನು ಕಾಣುವ ಪಬ್ಬಿಗೆ ಎಲ್ಲಿಂದ ಬರಬೇಕು?

ಚೈನ್ ಪಬ್ ಎಂದೊಡನೆ ಇಲ್ಲಿ ಎಲ್ಲರ ಬಾಯಿಗೂ ಬರುವ ಹೆಸರು ವೆದರ್‌ಸ್ಪೂನ್. ಟಿಮ್ ಮಾರ್ಟಿನ್ 1979ರಲ್ಲಿ ಉತ್ತರ ಲಂಡನ್ನಿನಲ್ಲಿ ಆರಂಭಿಸಿದ ಈ ಸಂಸ್ಥೆ ಹಳೆಯ ಬ್ಯಾಂಕು, ಅಂಚೆ ಕಚೇರಿ, ಚಿತ್ರಮಂದಿರಗಳನ್ನು ಪಬ್ಬಾಗಿ ಮಾರ್ಪಡಿಸುವುದಕ್ಕೆ ಹೆಸರಾಗಿದೆ. ನಾನು ಹೆಚ್ಚಾಗಿ ಹೋಗುವುದು ಟನ್‌ಬ್ರಿಜ್ ವೆಲ್ಸ್ ಊರಿನ ಆಪೆರಾ ಹೌಸ್‌ಗೆ. 1902ರಲ್ಲಿ ನಾಟಕಶಾಲೆಯಾಗಿ ತೆರೆದು, ಮುಂದೆ ಸಿನಿಮಾ ಮಂದಿರವೂ ಬಿಂಗೋ ಹಾಲೂ ಆಗಿ, 1996ರಲ್ಲಿ ವೆದರ್‌ಸ್ಪೂನ್ ಪಬ್ಬಾದ ಕಟ್ಟಡ ಅದು. ಮೇಲೆ ಬಾಲ್ಕನಿ, ಎದುರಿಗೆ ರಂಗಸ್ಥಳ, ನಡುವೆ ನಿಮ್ಮ ಲೋಟ. ಈ ಸಂಸ್ಥೆಯ ಹೆಚ್ಚಿನ ಪಬ್ಬುಗಳಲ್ಲಿ ಸಂಗೀತ ಹಾಕುವುದಿಲ್ಲವಾದ್ದರಿಂದ, ಕಿವಿಗೆ ಬೀಳುವುದು ಬರೀ ಮಾತಿನ ಗದ್ದಲ. ನಮ್ಮ ದರ್ಶಿನಿಯ ಬೆಳಗಿನ ಎಂಟು ಗಂಟೆಯನ್ನು ನೆನಪಿಸಿಕೊಂಡರೆ ಸಾಕು.

ಇನ್ನು ಕ್ರಮದ ಮಾತು. ಮೇಜಿನ ಬಳಿಯೇ ಕುಳಿತು ಮೊಬೈಲ್ ಆ್ಯಪ್‌ನಲ್ಲಿ ಆರ್ಡರ್ ಮಾಡುವ ಸೌಕರ್ಯ ಇದೆ, ಊಟಕ್ಕೆ ಅದನ್ನು ಧಾರಾಳವಾಗಿ ಬಳಸಿ. ಏಲಿಗೆ ಮಾತ್ರ ಎದ್ದು ಬಾರ್ ಕಟ್ಟೆಯವರೆಗೂ ಹೋಗಿ. ಹತ್ತು ಹ್ಯಾಂಡ್‌ಪಂಪುಗಳು ಸಾಲಾಗಿ ನಿಂತಿದ್ದರೆ ಹತ್ತೂ ಒಂದೇ ವೇಗದಲ್ಲಿ ಖರ್ಚಾಗುವುದಿಲ್ಲ. ನಿಮ್ಮ ಸರದಿ ಬರುವವರೆಗಿನ ಐದು ನಿಮಿಷ ಯಾವ ಹಿಡಿಕೆಗೆ ಪದೇ ಪದೇ ಕೈ ಬೀಳುತ್ತಿದೆ ಎಂದು ನೋಡುತ್ತಿರಿ. ಹಿಡಿಕೆಯ ಮೇಲಿನ, ಏಲಿನ ಹೆಸರಿರುವ ಬಿಲ್ಲೆಯನ್ನು ಹಿಂದುಮುಂದಾಗಿ ತಿರುಗಿಸಿದ್ದರೆ ಆ ಏಲ್ ಮುಗಿದಿದೆ ಅಥವಾ ಇನ್ನೂ ಸಿದ್ಧವಾಗಿಲ್ಲ ಎಂದರ್ಥ. ಅನುಮಾನವಿದ್ದರೆ, ಕೊಳ್ಳುವ ಮೊದಲು ಒಂದು ಗುಟುಕು ರುಚಿ ನೋಡಲು ಕೇಳುವುದು ಇಲ್ಲಿ ತೀರಾ ಸಹಜ. ಶುಕ್ರವಾರ ರಾತ್ರಿ ಮೂರು ಸಾಲು ಜನ ಹಿಂದೆ ನಿಂತಿರುವಾಗ ಹಾಗೆ ಕೇಳುವುದು ಸೌಜನ್ಯವಲ್ಲ. ಆದ್ದರಿಂದ ಶನಿವಾರ ಮಧ್ಯಾಹ್ನ ಮೂರರ ಹೊತ್ತಿಗೆ ಹೋಗಿ. ಹಿಂದಿನ ರಾತ್ರಿಯ ಜನ ಹಳೆಯ ಪೀಪಾಯಿಗಳನ್ನು ಖಾಲಿ ಮಾಡಿರುತ್ತಾರೆ, ಪರಿಚಾರಕರಿಗೂ ಮಾತಾಡಲು ಪುರುಸೊತ್ತಿರುತ್ತದೆ.

ಬಂದ ಹೊಸತರಲ್ಲಿ ಬೇರೊಂದು ಊರಿನ ಪಬ್ ಒಂದರಲ್ಲಿ ನಾನು ಮೂಲೆಯ ಪಂಪನ್ನು ಅದರ ಹೆಸರಿನ ಚಂದಕ್ಕೆ ಮರುಳಾಗಿ ಆರಿಸಿಕೊಂಡೆ. ಮೊದಲ ಗುಟುಕಿಗೇ ಮಾವಿನಕಾಯಿ ಕಚ್ಚಿದವನಂತೆ ಹಲ್ಲು ಚುಳ್ಳೆಂದಿತು. ಇಂಗ್ಲಿಷರ ರುಚಿಯೇ ಹೀಗಿರಬೇಕು ಎಂದುಕೊಂಡು, ದುಡ್ಡು ಕೊಟ್ಟ ತಪ್ಪಿಗೆ ಪೂರ್ತಿ 568 ಮಿಲಿಲೀಟರ್ ಕುಡಿದು ಮುಗಿಸಿದೆ. ನೀವು ಆ ಸಂಕೋಚ ಇಟ್ಟುಕೊಳ್ಳಬೇಡಿ. ಅರ್ಧಕ್ಕಿಂತ ಕಡಿಮೆ ಕುಡಿದಿರುವಾಗಲೇ ಲೋಟವನ್ನು ಕಟ್ಟೆಗೆ ಒಯ್ದು ಹುಳಿಯಾದಂತಿದೆ ಎಂದು ಮೆಲ್ಲಗೆ ಹೇಳಿದರೆ, ಒಳ್ಳೆಯ ಪಬ್ಬಿನಲ್ಲಿ ಚರ್ಚೆಯಿಲ್ಲದೆ ಬದಲಾಯಿಸಿಕೊಡುತ್ತಾರೆ. ಮೊದಲ ಸಲ ಅರ್ಧ ಪೈಂಟ್ ಕೇಳುವುದಂತೂ ಇನ್ನೂ ಕ್ಷೇಮ.

ಹುಳಿ ದೋಷವೇ ಹೊರತು ಬೆಚ್ಚಗಿರುವುದು ದೋಷವಲ್ಲ ಎಂಬುದನ್ನೂ ಹೇಳಬೇಕು. ನಮ್ಮ ಊರಿನಲ್ಲಿ ಐಸಿನಂತೆ ಕೊರೆಯುವ ಲಾಗರ್ ಬಿಯರ್ ಕುಡಿದು ಅಭ್ಯಾಸವಾದವರು, ಏಲ್ ಬೆಚ್ಚಗಿದೆ ಎಂದು ದೂರುತ್ತಾರೆ. ಅದನ್ನು ನೆಲಮಾಳಿಗೆಯಲ್ಲಿ 11ರಿಂದ 13 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುವುದು ಬೇಕೆಂದೇ. ಇನ್ನೂ ತಣ್ಣಗಾದರೆ ಮಾಲ್ಟಿನ, ಅಂದರೆ ಮೊಳಕೆ ಬರಿಸಿದ ಧಾನ್ಯದ, ಪರಿಮಳ ಮುಚ್ಚಿಹೋಗುತ್ತದೆ. ಫ್ರಿಜ್ಜಿನ ನೀರಿಗೂ ಮಡಕೆಯ ನೀರಿಗೂ ಇರುವ ವ್ಯತ್ಯಾಸ ಎಂದುಕೊಳ್ಳಿ. ಬುರುಬುರು ನೊರೆಯನ್ನೂ ನಿರೀಕ್ಷಿಸಬೇಡಿ.

ನೀವು ಸಸ್ಯಾಹಾರಿಯಾಗಿದ್ದರೆ ಇನ್ನೊಂದು ಸಂಗತಿ ಇದೆ; ಕುಡಿಯುವವನಿಗೆ ಎಂಥ ಮಡಿ ಎಂದು ನಗುವವರು ನಗಲಿ. ಪೀಪಾಯಿಯ ಯೀಸ್ಟನ್ನು ತಳಕ್ಕಿಳಿಸಿ ಏಲನ್ನು ತಿಳಿಯಾಗಿಸಲು ಹಲವು ಬ್ರೂವರಿಗಳು ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಎಂಬ ಅಂಟನ್ನು ಬಳಸುತ್ತವೆ. ಅದರ ಬಹುಪಾಲು ಯೀಸ್ಟಿನ ಜೊತೆಗೇ ತಳದಲ್ಲಿ ಉಳಿಯುತ್ತದಾದರೂ, ಮನಸ್ಸು ಒಪ್ಪದವರು ಅನ್‌ಫೈನ್ಡ್ (ಇಂಥ ಅಂಟು ಹಾಕದ್ದು) ಎಂದೋ ವೀಗನ್ ಎಂದೋ ಬಿಲ್ಲೆಯ ಮೇಲೆ ಬರೆದಿರುವುದನ್ನು ಹುಡುಕಬಹುದು. ಅಂಥ ಏಲ್ ಕೆಲವೊಮ್ಮೆ ತುಸು ಮಸುಕಾಗಿ ಬರುತ್ತದೆ, ಕೆಟ್ಟಿದೆಯೆಂದು ಹಿಂದಿರುಗಿಸಬೇಡಿ.