ಸ್ಟೆಂಟ್ ಹಾಕಿದ ಮೇಲೂ ಕಾಮಾಲೆ ಮರಳಿದರೆ

ಬಸವನಗುಡಿಯ ಓದುಗರೊಬ್ಬರ ಪತ್ರ: ತಾಯಿಗೆ ಮೇದೋಜೀರಕ ಗ್ರಂಥಿಯ ತಲೆಭಾಗದ ಕ್ಯಾನ್ಸರ್. ಆಪರೇಷನ್ ಆಗದೆಂದು ಪಿತ್ತನಾಳ ತೆರೆದಿರಲೆಂದು ಅದಕ್ಕೆ ಪ್ಲಾಸ್ಟಿಕ್ ಸ್ಟೆಂಟ್ (ಸಣ್ಣ ಕೊಳವೆ) ಹಾಕಿದ್ದರು. ಹತ್ತು ವಾರ ಕಳೆಯುವಷ್ಟರಲ್ಲಿ ಕಣ್ಣು ಮತ್ತೆ ಹಳದಿಯಾಗಿದೆ, ಸಂಜೆ ಚಳಿಜ್ವರ ಬರುತ್ತಿದೆ. ಸ್ಟೆಂಟ್ ಸರಿಯಾಗಿ ಹಾಕಿರಲಿಲ್ಲವೇ? ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ನೆಲನೆಲ್ಲಿ ರಸ ಕೊಟ್ಟು ಪಥ್ಯ ಮಾಡಿಸಬಹುದೇ?

ಸಂಪಾದಕರ ಉತ್ತರ:

ಅಪಾಯಿಂಟ್‌ಮೆಂಟ್‌ಗೆ ಕಾಯದೆ ಇಂದೇ ಆಸ್ಪತ್ರೆಗೆ ಹೋಗಿ ಎಂದು ನಿಮಗೆ ಫೋನಿನಲ್ಲೇ ತಿಳಿಸಿದ್ದೇವೆ. ಇದೇ ಸ್ಥಿತಿಯಲ್ಲಿರುವ ಉಳಿದವರಿಗಾಗಿ ಇಲ್ಲಿ ವಿವರವಾಗಿ ಬರೆಯುತ್ತಿದ್ದೇವೆ.

ಸ್ಟೆಂಟ್ ಇರುವವರಿಗೆ ಮೈ ನಡುಗಿ ಜ್ವರ ಬಂದರೆ, ಬೇರೆ ಕಾರಣ ಸಿಗುವವರೆಗೆ ಅದು ಪಿತ್ತನಾಳದ ಸೋಂಕೆಂದೇ ತಿಳಿಯಬೇಕು. ಕಟ್ಟಿಕೊಂಡ ಪಿತ್ತದಲ್ಲಿ ಬ್ಯಾಕ್ಟೀರಿಯಾ ಬೆಳೆದು, ಒತ್ತಡ ಹೆಚ್ಚಿ ರಕ್ತಕ್ಕೆ ಸೇರುತ್ತದೆ. ಪ್ಯಾರಾಸಿಟಮಾಲ್ ಕೊಟ್ಟರೆ ಮೈ ತಣ್ಣಗಾಗುತ್ತದೆ, ಸೋಂಕು ಹಾಗೇ ಉಳಿಯುತ್ತದೆ. ಬಿಪಿ ಇಳಿದು ಮಂಪರು ಬಂದರೆ ಜೀವಕ್ಕೇ ಅಪಾಯ. ಬರೀ ಆ್ಯಂಟಿಬಯಾಟಿಕ್ ಡ್ರಿಪ್ ಸಾಲದು, ಕಟ್ಟಿದ ಸ್ಟೆಂಟ್ ಬದಲಾಗಲೇಬೇಕು. ಆದ್ದರಿಂದ ಇಆರ್‌ಸಿಪಿ (ಬಾಯಿಯ ಮೂಲಕ ದುರ್ಬೀನು ಇಳಿಸಿ ಪಿತ್ತನಾಳಕ್ಕೆ ಸ್ಟೆಂಟ್ ಹಾಕುವ ವಿಧಾನ) ಮಾಡುವ ಆಸ್ಪತ್ರೆಗೇ ಹೋಗಿ. ಸ್ಟೆಂಟಿನ ಬಗೆ, ಅಳತೆ, ಹಾಕಿದ ತಾರೀಖು ಇರುವ ಡಿಸ್ಚಾರ್ಜ್ ಸಮರಿ ಕೈಯಲ್ಲಿರಲಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೋದ ತಕ್ಷಣ ಹೇಳಿ.

ಹತ್ತು ವಾರಕ್ಕೆ ಕಟ್ಟಿತೆಂದ ಮಾತ್ರಕ್ಕೆ ಹಾಕಿದವರನ್ನು ದೂರುವಂತಿಲ್ಲ. ದಪ್ಪ ಪ್ಲಾಸ್ಟಿಕ್ ಸ್ಟೆಂಟ್ ಎಂದರೂ ಸಾಮಾನ್ಯವಾಗಿ 10 ಫ್ರೆಂಚ್, ಅಂದರೆ ಹೊರಗಿನ ಅಗಲ ಸುಮಾರು 3.3 ಮಿ.ಮೀ. ಅದರ ಒಳಮೈಗೆ ಬ್ಯಾಕ್ಟೀರಿಯಾ ಅಂಟಿ ಲೋಳೆ ಹಿಡಿಯುತ್ತದೆ, ಅದರ ಮೇಲೆ ಪಿತ್ತದ ಗಸಿ ಕೂರುತ್ತದೆ. ಹಾಗಾಗಿಯೇ ಸುಮಾರು 3 ತಿಂಗಳಿಗೊಮ್ಮೆ ಬದಲಿಸುವ ರೂಢಿ. ಲೋಹದ ಸ್ಟೆಂಟ್ ಹಾಗಲ್ಲ: ಹೆಣೆದ ತಂತಿಯ ಕೊಳವೆ ಸಪೂರವಾಗಿ ಒಳಹೋಗಿ, ಬಿಚ್ಚಿಕೊಂಡು ಸಾಮಾನ್ಯವಾಗಿ 8ರಿಂದ 10 ಮಿ.ಮೀ. ಅಗಲವಾಗುತ್ತದೆ, ಹೆಚ್ಚು ತಿಂಗಳು ತೆರೆದಿರುತ್ತದೆ. ಹೊದಿಕೆಯಿಲ್ಲದ ಬಗೆಯಲ್ಲಿ ಗೆಡ್ಡೆ ತಂತಿಗಳ ನಡುವೆ ಬೆಳೆದು ಒಳಬರಬಹುದು, ಆಗ ಅದರೊಳಗೇ ಇನ್ನೊಂದು ಸ್ಟೆಂಟ್ ಹಾಕುತ್ತಾರೆ. ಹೊದಿಕೆಯಿರುವುದು ಜಾರಬಹುದು. ಬೆಲೆ ಪ್ಲಾಸ್ಟಿಕ್‌ಗಿಂತ ಹಲವು ಪಟ್ಟು, ನಿಜ. ಆದರೆ ಪ್ರತಿ ಬದಲಾವಣೆಗೂ ಅಡ್ಮಿಷನ್ ಖರ್ಚಿದೆ, ಸೋಂಕಾದರೆ ಕೀಮೋ ಮುಂದೆ ಹೋಗುತ್ತದೆ. ರೋಗಿಗೆ ಇನ್ನು ನಾಲ್ಕು ತಿಂಗಳಿಗಿಂತ ಹೆಚ್ಚು ಕಾಲವಿದೆ ಎಂದು ವೈದ್ಯರಿಗೆ ಅನಿಸಿದರೆ ಲೋಹದ್ದೇ ಲೇಸೆಂಬುದು ನಮ್ಮ ಅಭಿಪ್ರಾಯ. ಬಿಪಿಎಲ್ ಕಾರ್ಡಿದ್ದರೆ, ಸರ್ಕಾರಿ ಆರೋಗ್ಯ ಯೋಜನೆಯಡಿ ಯಾವುದು ಸಿಗುತ್ತದೆಂದು ಆಸ್ಪತ್ರೆಯಲ್ಲಿ ಯೋಜನೆಯ ಮಾಹಿತಿ ಕೊಡುವ ಆರೋಗ್ಯಮಿತ್ರರನ್ನು ಮೊದಲೇ ಕೇಳಿ.

ಪಿತ್ತ ಕರುಳಿಗೆ ಇಳಿಯದಿದ್ದರೆ ವಿಟಮಿನ್ ಕೆ ಹೀರಿಕೆಯಾಗದೆ ರಕ್ತ ಹೆಪ್ಪುಗಟ್ಟುವುದು ನಿಧಾನವಾಗುತ್ತದೆ. ಅದಕ್ಕೇ ಇಆರ್‌ಸಿಪಿಗೆ ಮೊದಲು ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ವೇಗದ ಪರೀಕ್ಷೆ) ನೋಡಿ, ಬೇಕಿದ್ದರೆ ವಿಟಮಿನ್ ಕೆ ಇಂಜೆಕ್ಷನ್ ಕೊಡುತ್ತಾರೆ. ಇಆರ್‌ಸಿಪಿ ಆದ ದಿನ ಹೊಟ್ಟೆನೋವು ಬೆನ್ನಿಗೆ ಹರಿದು ವಾಂತಿಯಾದರೆ ನರ್ಸ್‌ಗೆ ಹೇಳಿ, ಮೇದೋಜೀರಕ ಗ್ರಂಥಿಯ ಉರಿಯೂತ ಇರಬಹುದು. ಬಾಯಿಯ ಮೂಲಕ ಆಗದಿದ್ದರೆ ಪಕ್ಕೆಯ ಕಡೆಯಿಂದ ಪಿತ್ತಜನಕಾಂಗಕ್ಕೆ ಸೂಜಿ ಹಾಕಿ, ನಳಿಕೆಯಿಂದ ಪಿತ್ತವನ್ನು ಹೊರಗಿನ ಚೀಲಕ್ಕೆ ಹರಿಸುವ ದಾರಿಯೂ ಇದೆ.

ನೆಲನೆಲ್ಲಿ ಬೇಡ. ಇಲ್ಲಿ ನಾಳವನ್ನು ಗೆಡ್ಡೆ ಒತ್ತಿದೆ, ಯಾವ ರಸವೂ ಅದನ್ನು ಬಿಡಿಸದು. ಉಪ್ಪು, ಎಣ್ಣೆ ಬಿಡಿಸುವ ಪಥ್ಯ ಇನ್ನೂ ಕೆಟ್ಟದ್ದು. ಮೊದಲೇ ಸೊರಗಿದ ದೇಹ ಇನ್ನಷ್ಟು ಸೊರಗುತ್ತದೆ. ಮೊಸರನ್ನ, ತೊವ್ವೆ, ತಿನ್ನುವವರಾದರೆ ಮೊಟ್ಟೆ, ಸ್ವಲ್ಪಸ್ವಲ್ಪವಾಗಿ ಆರು ಸಲ ಕೊಡಿ. ಮಲ ಜಿಡ್ಡಾಗಿ ತೇಲುತ್ತಿದ್ದರೆ ಜೀರ್ಣಕ್ಕೆ ನೆರವಾಗುವ ಎನ್‌ಜೈಮ್ ಕ್ಯಾಪ್ಸೂಲ್ ಬೇಕೇ ಎಂದು ವೈದ್ಯರನ್ನು ಕೇಳಿ. ಬರೆದುಕೊಟ್ಟರೆ ಅದನ್ನು ಊಟದ ಮೊದಲ ತುತ್ತಿನ ಜೊತೆ ನುಂಗಿಸಬೇಕು, ಊಟ ಮುಗಿದ ಮೇಲಲ್ಲ.